ಒಲೆ ಕಾಣದ ಅಕ್ಕಿ

ನಮ್ಮವ್ವನಿಗೆ ಈಗ 83. ಕಣ್ಣು ಮಂಜಾಗಿವೆ. ಆದರೂ ಅಕ್ಕಿ ಹಸನು ಮಾಡುವ ಕೆಲಸವನ್ನು ಇನ್ನೂ ಯಾರಿಗೂ ಬಿಟ್ಟುಕೊಟ್ಟಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳೆಂದರೆ ಬೆರಳೇ ನೋಡತೊಡಗುತ್ತವೆ. ನುಚ್ಚು ಒಂದು ಕಡೆ, ನೆಲ್ಲು ಒಂದು ಕಡೆ, ಹರಳು ಅಂಗಳಕ್ಕೆ. ಈಗಿನ ಪಾಕೀಟಿನ ಅಕ್ಕಿಯಲ್ಲಿ ಹರಳೆಲ್ಲಿರುತ್ತದೆ? "ಇರಲಿ, ಒಮ್ಮೆ ಕೈ ಆಡಿಸಿದರ ಸಮಾಧಾನ" ಅನ್ನುತ್ತಾಳೆ.

ಅವಳೆದುರು ನಾನು ಫೋನು ಹಿಡಿದು ಕೂತಿರುತ್ತೇನೆ. ಲಿಂಗಸುಗೂರು ತಾಲ್ಲೂಕಿನಲ್ಲಿ 31 ವರ್ಷ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಬಿಡುವು ಬೇಕಾದಷ್ಟಿದೆ. ನನ್ನದೂ ಒಂದು ರೀತಿ ಆಯುವ ಕೆಲಸವೇ ಅಂದುಕೊಂಡಿದ್ದೆ. ಹೋದ ಶ್ರಾವಣದಲ್ಲಿ ಹಿತ್ತಲ ಬದನೆ ಗಿಡಕ್ಕೆ ಹುಳ ಬಿತ್ತೆಂದು ಔಷಧ ಹುಡುಕಲು ಹೊರಟೆ. ಬದನೆಯಿಂದ ಬೇವಿಗೆ, ಬೇವಿನಿಂದ ಮಣ್ಣಿಗೆ, ಮಣ್ಣಿನಿಂದ ಕಬ್ಬಿಣಾಂಶಕ್ಕೆ ದಾಟಿ, ಗಂಟೆಯೊಂದು ಕಳೆಯುವಷ್ಟರಲ್ಲಿ ಅಂಟಾರ್ಕ್ಟಿಕಾದ ಟೇಲರ್ ಹಿಮನದಿಯ ಮುಂದೆ ನಿಂತಿದ್ದೆ. ಅಲ್ಲಿ ಹಿಮದ ಬುಡದಿಂದ ಕಬ್ಬಿಣ ತುಂಬಿದ ಉಪ್ಪುನೀರು ಒಸರಿ, ಗಾಳಿ ತಾಗಿದೊಡನೆ ತುಕ್ಕುಗೆಂಪಾಗಿ ಇಳಿಯುತ್ತದೆ. ರಕ್ತದ ಜಲಪಾತ ಅನ್ನುತ್ತಾರೆ. ಅದರ ಲಿಂಕನ್ನು ಬುಕ್‌ಮಾರ್ಕ್ ಮಾಡಿಟ್ಟೆ. ಬದನೆಯ ಹುಳ ಹಾಗೇ ಉಳಿಯಿತು.

ಹೀಗೆ ಕೂಡಿಸಿದ್ದನ್ನು ಒಂದು ದಿನ ಎಣಿಸಿದೆ. ಬ್ರೌಸರಿನಲ್ಲಿ 2,140 ಲಿಂಕು. ಅದಲ್ಲದೆ ನನಗೆ ನಾನೇ ವಾಟ್ಸಾಪಿನಲ್ಲಿ ಕಳಿಸಿಕೊಂಡವು, ಸ್ಕ್ರೀನ್‌ಶಾಟುಗಳು, ಇಳಿಸಿಟ್ಟ ಪಿಡಿಎಫ್‌ಗಳು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಸಂಪುಟಗಳು, 1894ರ ಕಿಟೆಲ್ ನಿಘಂಟು, ಹಕ್ಕಿಗಳ ಕೂಗು, ಚಂದ್ರನ ನಕ್ಷೆ. ಹೆಮ್ಮೆಯಿಂದಲೇ ಅವ್ವನಿಗೆ ಹೇಳಿದೆ. ಮೊರದಿಂದ ತಲೆ ಎತ್ತದೆ ಕೇಳಿದಳು: "ಅಷ್ಟು ಕೂಡಿಸಿ ಇಟ್ಟೀ, ಉಣ್ಣಾದು ಯಾವಾಗ?"

ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ತಾಲ್ಲೂಕಿನಲ್ಲೇ ಗುರುಗುಂಟದ ಬಳಿ ಅಮರೇಶ್ವರವಿದೆ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಗಂಡಹೆಂಡಿರ ಊರು. 12ನೆಯ ಶತಮಾನದಲ್ಲಿ ಅವರು ಕಲ್ಯಾಣಕ್ಕೆ ಹೋದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ, ಅದರಿಂದ ದಾಸೋಹ ನಡೆಸುವುದು ಲಕ್ಕಮ್ಮನ ಪಾಲು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಗಂಟು ನೋಡಿದವಳೇ, ಇದು ನಮ್ಮ ಅಳತೆಯದಲ್ಲ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಅವ್ವ ಹೇಳುವ ಕತೆಯಲ್ಲಿ ಇನ್ನೊಂದು ಎಳೆ ಇದೆ: ಈ ಬಡವರಿಗೆ ನೆರವಾಗಲೆಂದು ಅಂದು ಬಸವಣ್ಣನೇ ಬೇಕೆಂದು ಹೆಚ್ಚು ಅಕ್ಕಿ ಚೆಲ್ಲಿಸಿದ್ದನಂತೆ.

ಆ ಎಳೆ ನನ್ನನ್ನು ಬಹಳ ದಿನ ಕಾಡಿತು. ನನ್ನ ಫೋನಿನ ಅಂಗಳದಲ್ಲೂ ಯಾರೋ ಬೇಕೆಂದೇ ಅಕ್ಕಿ ಚೆಲ್ಲುತ್ತಿದ್ದಾರೆ. ನಿನ್ನೆ ಶಾಸನ ನೋಡಿದೆನೆಂದು ಇವತ್ತು ಹತ್ತು ಶಾಸನ, ಒಂದು ಹಕ್ಕಿಗೆ ನಿಂತೆನೆಂದು ನಾಳೆ ಹಿಂಡು ಹಕ್ಕಿ. ಬಸವಣ್ಣ ಚೆಲ್ಲಿಸಿದ್ದು ಕರುಣೆಯಿಂದ. ಇಲ್ಲಿ ಚೆಲ್ಲುವವರಿಗೆ ನಾನು ಅಂಗಳ ಬಿಟ್ಟು ಏಳಬಾರದು, ಅಷ್ಟೆ. ಆದರೆ ಗಮನಿಸಿ, ಲಕ್ಕಮ್ಮ ಕರುಣೆಯಿಂದ ಚೆಲ್ಲಿದ್ದನ್ನೂ ಒಲ್ಲೆನೆಂದಳು. ಚೆಲ್ಲಿದವರು ಯಾರು, ಯಾಕೆ ಎಂದು ಅವಳು ವಿಚಾರಿಸಲಿಲ್ಲ. ಅವಳ ಲೆಕ್ಕವೆಲ್ಲ ಒಲೆಯ ಮೇಲಿನ ಗಡಿಗೆಯದು.

ನನಗೊಂದು ಸಮಜಾಯಿಷಿ ಇತ್ತು. ಅಕ್ಕಿಗೆ ತೂಕವಿದೆ, ನಾನು ಹೆಚ್ಚು ತಂದರೆ ಇನ್ನೊಬ್ಬರಿಗೆ ಕಡಿಮೆಯಾಗುತ್ತದೆ. ಲಿಂಕಿಗೆ ತೂಕವೆಲ್ಲಿ? ನಾನು ಇಟ್ಟುಕೊಂಡರೂ ಅದು ಅಲ್ಲೇ ಇರುತ್ತದೆ, ಯಾರ ತಟ್ಟೆಯಿಂದಲೂ ಕಸಿದದ್ದಲ್ಲ. ಹಾಗಾದರೆ ಇದು ಶಾಸ್ತ್ರಗಳು ಬೇಡವೆನ್ನುವ ಕೂಡಿಡುವಿಕೆ, ಪರಿಗ್ರಹ, ಹೇಗಾದೀತು?

ಈ ವಕೀಲಿಯನ್ನು ಜೈನರ ತತ್ತ್ವಾರ್ಥಸೂತ್ರ ಎಂದೋ ಮುಚ್ಚಿಹಾಕಿದೆ. ಉಮಾಸ್ವಾತಿ ಅಲ್ಲಿ ಪರಿಗ್ರಹಕ್ಕೆ ಕೊಡುವ ಅರ್ಥದಲ್ಲಿ ವಸ್ತುವಿನ ಮಾತಿಲ್ಲ, ತೂಕದ ಮಾತಿಲ್ಲ. ಮೂರ್ಛೆಯೇ ಪರಿಗ್ರಹ ಎನ್ನುತ್ತಾನೆ. ಶಾಸ್ತ್ರದಲ್ಲಿ ಆ ಪದಕ್ಕೆ ವಸ್ತುವಿನ ಮೇಲಿನ ಮೋಹ ಎಂದರ್ಥ. ಆದರೆ ನಾವು ಕನ್ನಡದವರು ಮೂರ್ಛೆ ಎಂದರೆ ಮುಖಕ್ಕೆ ನೀರು ಚಿಮುಕಿಸಲು ಓಡುತ್ತೇವೆ. ರಾತ್ರಿ ಒಂದು ಗಂಟೆಗೆ ಕತ್ತಲ ಕೋಣೆಯಲ್ಲಿ, ಕುತ್ತಿಗೆ ಬಗ್ಗಿ, ಬಾಯಿ ಅರೆ ತೆರೆದು, ಹೆಬ್ಬೆರಳೊಂದೇ ಮೇಲೆ ಕೆಳಗೆ ಆಡುತ್ತಿರುವ ನನ್ನನ್ನು ಯಾರಾದರೂ ಕಿಟಕಿಯಿಂದ ನೋಡಿದ್ದರೆ ಎರಡನೆಯ ಅರ್ಥವೇ ಸರಿ ಎನ್ನುತ್ತಿದ್ದರು.

ಅದೇ ಜೈನರಲ್ಲಿ ನನಗೆ ಒಂದು ಆಸರೆಯೂ ಸಿಕ್ಕಿತ್ತು. 2018ರ ಮಹಾಮಸ್ತಕಾಭಿಷೇಕಕ್ಕೆ ಸಹೋದ್ಯೋಗಿಗಳ ಜೊತೆ ಶ್ರವಣಬೆಳಗೊಳಕ್ಕೆ ಹೋಗಿದ್ದೆ. ಜನಜಂಗುಳಿಯಿಂದ ತುಸು ದೂರದಲ್ಲಿ ಮುನಿಯೊಬ್ಬರು ಕೂತು ಓದುತ್ತಿದ್ದರು. ಮೈಮೇಲೆ ನೂಲೆಳೆಯಿಲ್ಲ. ಪಕ್ಕದಲ್ಲಿ ನವಿಲುಗರಿಯ ಪಿಂಛ, ಒಂದು ಕಮಂಡಲು. ಕೈಯಲ್ಲಿ ಪುಸ್ತಕ. ಬಟ್ಟೆಯನ್ನೂ ಬಿಟ್ಟವರಿಗೆ ಪುಸ್ತಕ ಹೇಗೆ ಎಂದು ಪಕ್ಕದ ಹಿರಿಯರನ್ನು ಕೇಳಿದೆ. "ಅದು ಪರಿಗ್ರಹ ಅಲ್ಲಮ್ಮಾ, ಉಪಕರಣ" ಅಂದರು. ಪಿಂಛ ಸಂಯಮಕ್ಕೆ, ಕಮಂಡಲು ಶೌಚಕ್ಕೆ, ಶಾಸ್ತ್ರ ಜ್ಞಾನಕ್ಕೆ. ಕುಡಗೋಲಿನಂತೆ, ಸೌಟಿನಂತೆ ಒಂದು ಉಪಕರಣ. ನನಗೆ ಖುಷಿಯೋ ಖುಷಿ. ನನ್ನ ಲಿಂಕುಗಳೂ ಜ್ಞಾನೋಪಕರಣ ಎಂದು ಅಂದೇ ತೀರ್ಪು ಕೊಟ್ಟುಕೊಂಡುಬಿಟ್ಟೆ.

ಆಮೇಲೆ ಯಾವಾಗಲೋ ಹೊಳೆಯಿತು, ಆ ಮುನಿಯ ಕೈಯಲ್ಲಿದ್ದದ್ದು ತೆರೆದ ಪುಸ್ತಕ.

ಪತಂಜಲಿಯ ಯೋಗಸೂತ್ರದಲ್ಲಿ ಇನ್ನೂ ವಿಚಿತ್ರವಾದ ಮಾತೊಂದಿದೆ. ಅಪರಿಗ್ರಹದಲ್ಲಿ ಗಟ್ಟಿಯಾಗಿ ನಿಂತವನಿಗೆ ತನ್ನ ಹುಟ್ಟಿನ ಹೇಗು ಏಕೆಗಳ ಅರಿವು ಮೂಡುತ್ತದಂತೆ. ಇಷ್ಟೆಲ್ಲ ನಾನು ಕೂಡಿಸಿದ್ದೇ ತಿಳಿಯುವುದಕ್ಕಾಗಿ, ಅವನು ನೋಡಿದರೆ ಹಿಡಿತ ಸಡಿಲಿದ ಮೇಲೆ ತಿಳಿಯುತ್ತದೆ ಅನ್ನುತ್ತಾನೆ. ಹುಟ್ಟಿನ ಮಾತು ದೊಡ್ಡದು, ನನಗೆ ನಿಲುಕದ್ದು. ಆದರೆ ಆ ಹೊತ್ತು ಯಾತಕ್ಕೆ ಫೋನು ಎತ್ತಿಕೊಂಡೆ ಎಂಬುದೂ ನನಗೆ ನೆನಪಿರುವುದಿಲ್ಲ. ಬ್ರೌಸ್ ಎಂಬ ಇಂಗ್ಲಿಷ್ ಪದಕ್ಕೆ ಹಳೆಯ ಅರ್ಥ ಆಡು ದನ ಚಿಗುರು ಮೇಯುವುದು. ನಿಘಂಟು ತಿರುವುವ ಹಳೆಯ ಚಾಳಿಯಿಂದ ಗೊತ್ತಾದದ್ದು. ಆಡು ಮುಟ್ಟದ ಸೊಪ್ಪಿಲ್ಲ, ನಿಜ. ಆದರೆ ಆಡು ಸಂಜೆ ಕೊಟ್ಟಿಗೆಗೆ ಬಂದು ಮೆಲುಕು ಹಾಕುತ್ತದೆ.

ಹಾಗೆಂದು ಅಡ್ಡಾಡುವುದೇ ತಪ್ಪು ಎನ್ನಲು ನನ್ನಿಂದಾಗದು. ನಮ್ಮ ಸೀಮೆಯ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಿದ್ದ. ಸಿಕ್ಕಿದ್ದು ಬಂಡೆಯ ಮೇಲಿನ ಬ್ರಾಹ್ಮಿ ಅಕ್ಷರ. ಅದುವರೆಗೆ ದೊರೆತ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಇದ್ದ ಅರಸನಿಗೆ ಮಸ್ಕಿಯ ಬಂಡೆ ಅಶೋಕ ಎಂಬ ಹೆಸರು ಕೊಟ್ಟಿತು. ಆ ಮನುಷ್ಯ ಚಿನ್ನದ ಅದಿರನ್ನೇ ಧ್ಯಾನಿಸುತ್ತ ಬಂಡೆಗೆ ಬೆನ್ನು ಹಾಕಿ ಹೋಗಿದ್ದರೆ? ಬದನೆಯ ಹುಳ ಹುಡುಕಿ ಹೋದವಳಿಗೆ ಕೆಂಪು ಜಲಪಾತ ಸಿಗುವುದರಲ್ಲಿ ಒಂದು ಕೃಪೆ ಇದೆ ಎಂದೇ ಇವತ್ತಿಗೂ ನನ್ನ ನಂಬಿಕೆ. ಬೀಡನ್ ಆ ಬಂಡೆಯನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ಓದಬಲ್ಲವರಿಗೆ ಸುದ್ದಿ ಮುಟ್ಟಿತು.

ಲಕ್ಕಮ್ಮನ ಅಳತೆಗೂ ನನ್ನದೊಂದು ತಕರಾರಿದೆ, ಅವ್ವನ ಮುಂದೆ ಹೇಳಲಾರೆ. ಇಂದಿನ ಒಲೆಗೆ ಬೇಕಾದಷ್ಟೇ ಎನ್ನುವುದು ಅಕ್ಕಿಗೆ ಸರಿ. ಓಲೆಗರಿಗೆ? ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ತಾಡವೋಲೆಗಳು ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಬಹುಕಾಲ ಅವಕ್ಕೆ ಓದುಗರಿಗಿಂತ ಕೈಮುಗಿಯುವವರೇ ಹೆಚ್ಚು. ಅಚ್ಚಾಗತೊಡಗಿದ್ದು 1939ರಿಂದ. ಯಾರ ಒಲೆಗೂ ಬೇಡವಾಗಿದ್ದ ಅಕ್ಕಿ ಅದು. ಅಪರಿಗ್ರಹದ ವ್ರತ ಹಿಡಿದವರೇ ಕೂಡಿಟ್ಟದ್ದು.

ಈ ತಕರಾರಿನ ಬಲದ ಮೇಲೆ ಒಂದು ಭಾನುವಾರ ನನ್ನ ಭಂಡಾರವನ್ನು ತೆರೆದು ಕೂತೆ. ಮೊದಲ ನೂರು ಲಿಂಕುಗಳಲ್ಲಿ 37 ಸತ್ತಿದ್ದವು. ಪುಟ ಸಿಗುತ್ತಿಲ್ಲ ಎಂಬ ಅದೇ ಒಂದು ಸಾಲು. ಮಾಲೀಕ ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದನೋ, ಬೇಸತ್ತನೋ, ತೀರಿಕೊಂಡನೋ. ಅವುಗಳಲ್ಲಿ ಕೆಲವು 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್‌ನಲ್ಲಿ ಪ್ರತಿಯಾಗಿ ಉಳಿದಿದ್ದವು, ಯಾರೋ ಪುಣ್ಯಾತ್ಮರು ಎತ್ತಿಟ್ಟದ್ದು. ನನ್ನ ಬುಕ್‌ಮಾರ್ಕ್‌ನಿಂದ ಒಂದಕ್ಷರವೂ ಉಳಿದಿರಲಿಲ್ಲ. ಮೂಡುಬಿದಿರೆಯ ಗರಿಗಳನ್ನು ಬಟ್ಟೆಯಲ್ಲಿ ಸುತ್ತಿ ಹುಳ ಹಿಡಿಯದಂತೆ ಕಾದ ತಲೆಮಾರುಗಳಿದ್ದವು. ನಾನು ಕಾದಿಟ್ಟದ್ದು ವಿಳಾಸ ಮಾತ್ರ. ಮನೆ ಬಿದ್ದು ವರ್ಷಗಳಾಗಿದ್ದರೂ ವಿಳಾಸವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆ.

ಅತ್ತಿಮಬ್ಬೆಯ ಪಾಠ ಪ್ರತಿ ವರ್ಷ ಮಾಡುತ್ತಿದ್ದೆ. ಪೊನ್ನನ ಶಾಂತಿಪುರಾಣ ಅಳಿದುಹೋದೀತೆಂದು 10ನೆಯ ಶತಮಾನದ ಕೊನೆಯ ಹೊತ್ತಿಗೆ ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಸಿ ಹಂಚಿದವಳು. ದಾನಚಿಂತಾಮಣಿ ಎಂದು ಬೋರ್ಡಿನ ಮೇಲೆ ಬರೆದು, ಸಮಾಸ ಬಿಡಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಪುಸ್ತಕ ಉಳಿಸಬೇಕೆಂದಾಗ ಆ ತಾಯಿ ಪೆಟ್ಟಿಗೆ ಮಾಡಿಸಲಿಲ್ಲವಲ್ಲ, ಯಾಕೆ ಎಂದು ಯಾವ ಮಗುವನ್ನೂ ಕೇಳಲಿಲ್ಲ. ಕೇಳಬೇಕಿತ್ತು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಅದಕ್ಕೇ ಬಿಟ್ಟಿರಬೇಕು.

ಈಗ ಮಧ್ಯಾಹ್ನ ಅವ್ವ ಮೊರ ಹಿಡಿದಾಗ ನಾನೂ ಬುಕ್‌ಮಾರ್ಕಿನ ಪಟ್ಟಿ ತೆರೆಯುತ್ತೇನೆ. ದಿನಕ್ಕೆ ಐದು. ತೆರೆದು ಪೂರ್ತಿ ಓದಬೇಕು. ಅವ್ವನಿಗೆ ತಿಳಿಯುವ ಹಾಗೆ ಹೇಳಬೇಕು, ಅಥವಾ ಬೇಕಾದವರಿಗೆ ಕಳಿಸಬೇಕು. ಎರಡೂ ಆಗದಿದ್ದರೆ ಅಂಗಳಕ್ಕೆ. ಕೆಂಪು ಜಲಪಾತದ ಸಂಗತಿ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಟ್ಟಿ ಗಣಿ ಕಡೆ ಬಾವಿ ಕೊಡದಾಗೂ ಹಂಗ ಕೆಂಪು ಕೂಡತಿತ್ತು" ಅಂದಳು. ಅಂಟಾರ್ಕ್ಟಿಕಾ ನಮ್ಮ ಪಡಸಾಲೆಗೆ ಬಂದದ್ದು ಆಗಲೇ. ಮಸ್ಕಿ ಶಾಸನದ ಪುಟವನ್ನು ಈಗ ಮೇಷ್ಟ್ರಾಗಿರುವ ಹಳೆಯ ವಿದ್ಯಾರ್ಥಿಗೆ ಕಳಿಸಿದೆ. ಎಂಟನೆಯ ತರಗತಿಯ ಮಕ್ಕಳನ್ನು ಬಂಡೆ ತೋರಿಸಲು ಕರೆದುಕೊಂಡು ಹೋಗುತ್ತಾನಂತೆ.

ನಿಯಮ ದಿನವೂ ನಡೆಯುವುದಿಲ್ಲ. ಐದು ಆಯಲು ಕೂತು ಏಳು ಹೊಸದು ಸೇರಿಸಿ ಎದ್ದ ದಿನಗಳೂ ಇವೆ. ನಿನ್ನೆ ರಾತ್ರಿ ಮತ್ತೆ ಎಣಿಸಿದೆ. 1,872.