ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣಬಾರದು

ಯುದ್ಧದಲ್ಲಿ ಮಡಿದವರನ್ನು ಇಂದಿನ ಜನ ನೆನೆಯುತ್ತಾರೆಯೇ ಎಂದು ಯಾರಾದರೂ ಕೇಳಿದಾಗ ನನ್ನ ಮನಸ್ಸು ಮೊದಲು ಹೋಗುವುದು ಆತಕೂರಿನ ಕಲ್ಲಿನ ಕಡೆಗೆ. ಮದ್ದೂರು ತಾಲ್ಲೂಕಿನ ಆ ಊರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು 949-50. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸುದ್ದಿ ಅದರಲ್ಲಿದೆ. ಬೂತುಗನ ಕಡೆಯ ಮಣಲೇರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಅರಸ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಇದು. ನಾಯಿ, ಹಂದಿ ಎರಡೂ ಅದರ ಮೇಲೆ ಇಂದಿಗೂ ಸೆಣಸುತ್ತಿವೆ.

ನನ್ನನ್ನು ಹಿಡಿದು ನಿಲ್ಲಿಸುವುದು ಶಾಸನದ ಕೊನೆಯ ಭಾಗ. ಕಲ್ಲು ನೆಟ್ಟರು, ಅದಕ್ಕೆಂದು ಗದ್ದೆ ಬಿಟ್ಟರು, ಆ ಗದ್ದೆಯನ್ನು ಉಣ್ಣುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದರೆ ಪಾಪ ಅವನಿಗೆ ತಗಲುತ್ತದೆ ಎಂದು ಬರೆಸಿದರು. ಸತ್ತದ್ದು ಒಂದು ನಾಯಿ. ಅದರ ನೆನಪಿಗೂ ಇಷ್ಟು ಏರ್ಪಾಡು. ನೆನೆಯುವವನ ಮನಸ್ಸು ಆ ದಿನ ಹೇಗಿರುತ್ತದೋ ಎಂದು ಕಾಯಲಿಲ್ಲ. ದುಃಖ ನಾಲ್ಕು ದಿನದಲ್ಲಿ ತಣಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ನೆನಪನ್ನು ಒಬ್ಬ ಮನುಷ್ಯನ ದಿನದ ಅನ್ನಕ್ಕೆ ಕಟ್ಟಿಹಾಕಿದರು.

ಕಾಳಗದಲ್ಲಿ ಬಿದ್ದವನ ಮನೆಯವರಿಗೂ ಹೀಗೆಯೇ ಭೂಮಿ ಬಿಡುತ್ತಿದ್ದರು. ಕಲ್ನಾಡು, ನೆತ್ತರುಕೊಡಗೆ ಎಂಬ ದತ್ತಿಗಳು ನಮ್ಮ ಶಾಸನಗಳ ತುಂಬ ಇವೆ. ಇದನ್ನು ಬಣ್ಣ ಹಚ್ಚಿ ಹೇಳಬೇಕಾಗಿಲ್ಲ. ಅರಸನಿಗೆ ನಾಳೆಯ ಯುದ್ಧಕ್ಕೂ ಆಳು ಬೇಕಿತ್ತು. ಸತ್ತರೂ ಹೆಂಡತಿ ಮಕ್ಕಳು ಉಪವಾಸ ಬೀಳುವುದಿಲ್ಲ ಎಂಬ ಭರವಸೆ ಇದ್ದರೆ ತಾನೇ ಒಬ್ಬ ಕತ್ತಿ ಹಿಡಿದು ಮುಂದೆ ಹೋಗುವುದು. ಲೆಕ್ಕಾಚಾರ ಇತ್ತು, ನಿಜ. ಆದರೆ ಗೌರವವೆಂದರೆ ಕೊಡುವುದು ಎಂಬ ಅರಿವೂ ಅದರಲ್ಲಿತ್ತು.

ಈಗ ನೂರು ವರ್ಷದ ಹಿಂದಿನ ಮಾತಿಗೆ ಬರೋಣ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರು ಜೋಧಪುರ ಮತ್ತು ಮೈಸೂರು ಸಂಸ್ಥಾನಗಳ ಕುದುರೆ ಸವಾರರು. ಎದುರಿಗೆ ಮೆಷಿನ್ ಗನ್ನುಗಳು, ಫಿರಂಗಿಗಳು. ಇವರ ಕೈಯಲ್ಲಿ ಭರ್ಜಿ, ಕತ್ತಿ. ಮೈಸೂರಿನವರು ಕಾರ್ಮೆಲ್ ಬೆಟ್ಟದ ಕಡಿದಾದ ಇಳಿಜಾರು ಹತ್ತಿ ಮೇಲಿದ್ದ ತೋಪುಗಳ ಮೇಲೆ ಬಿದ್ದರು. ಆ ದಿನ ಸತ್ತ ಸವಾರರು 8, ಗಾಯಗೊಂಡವರು 34, ಸತ್ತ ಕುದುರೆಗಳು 60. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಈ ಸವಾರರ ಪಡೆಯಾದ ಮೈಸೂರು ಲ್ಯಾನ್ಸರ್ಸ್‌ನ ಸ್ಮಾರಕವಿದೆ. ಪಕ್ಕದಲ್ಲೇ ನಿತ್ಯ ಸಾವಿರಾರು ವಾಹನಗಳು ಹಾದುಹೋಗುತ್ತವೆ. ಅದು ಯಾರ ನೆನಪಿನದು ಎಂದು ಕೇಳಿದರೆ ಹೇಳುವವರು ತೀರ ಕಡಿಮೆ.

ಅವರು ಹೋರಾಡಿದ್ದು ಬ್ರಿಟಿಷರ ಸಾಮ್ರಾಜ್ಯಕ್ಕಾಗಿ ಅಲ್ಲವೇ, ನಾವೇಕೆ ನೆನೆಯಬೇಕು ಎನ್ನುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಯುದ್ಧ ಯಾರದು, ನ್ಯಾಯದ್ದೋ ಅಲ್ಲವೋ ಎಂಬುದು ಬಹು ಮುಖ್ಯ. ಅದನ್ನು ಕೇಳದೆ ವೀರಗಾನ ಮಾಡಿದರೆ ಮುಂದಿನ ಯುದ್ಧಕ್ಕೆ ದಾರಿ ಮಾಡಿಕೊಟ್ಟಂತೆ. ಆದರೆ ಆ ಬೆಟ್ಟ ಹತ್ತಿದ ಸವಾರನನ್ನು ಕೇಳಿ ಯಾರೂ ಯುದ್ಧ ಸಾರಿರಲಿಲ್ಲ. ಸಾವು ಮಾತ್ರ ಅವನದಾಯಿತು. ಅವನನ್ನು ನೆನೆದರೆ ಸಾಮ್ರಾಜ್ಯವನ್ನು ಒಪ್ಪಿದ ಹಾಗಾಗುವುದಿಲ್ಲ. ಎದುರಿನ ತುರ್ಕಿ ಸೈನಿಕನಿಗೂ ಎಲ್ಲೋ ಒಬ್ಬ ತಾಯಿ ಕಾದಿದ್ದಳು ಎಂಬುದೂ ಆ ನೆನಪಿನೊಳಗೆ ಬರಲೇಬೇಕು.

ಮರೆಯುವುದು ಜನ ಮಾತ್ರವಲ್ಲ, ಸರ್ಕಾರವೂ ಹಿಂದೆ ಬಿದ್ದದ್ದುಂಟು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ತಂಡದಲ್ಲಿದ್ದರು. ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವೊಂದು ಬೆನ್ನುಹತ್ತಿದಾಗ ತಮ್ಮ ಹಳೆಯ ಮಿಸ್ಟೇರ್‌ನಲ್ಲಿ ಎದುರಿಸಿ ಅದನ್ನು ಕೆಡವಿದರು, ತಾವು ಮರಳಲಿಲ್ಲ. ನಮ್ಮವರಿಗೆ ಅವರು ಬರಿಯ ‘ಕಾಣೆಯಾದವರು’. ಅಲ್ಲಿ ನಡೆದದ್ದು ಬಯಲಾದದ್ದು ಪಾಕಿಸ್ತಾನದ ಕಡೆಯ ವಿವರಗಳಿಂದ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷ ಕಳೆದ ಮೇಲೆ. ಎದುರಾಳಿ ಮಾತಾಡದೆ ಹೋಗಿದ್ದರೆ? ಮಡಿಕೇರಿಯಲ್ಲಿ ಅವರ ಪ್ರತಿಮೆಯಿದೆ. ಕೊಡಗಿನವರು ಅವರನ್ನು ಬಿಟ್ಟುಕೊಟ್ಟಿಲ್ಲ.

ಹತ್ತಿರದ್ದೊಂದು ಸಂಗತಿ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು 10 ಯೋಧರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕಾಗ ನಾಡೆಲ್ಲ ದೇವರಿಗೆ ಹರಕೆ ಹೊತ್ತಿತು. ಅವರು ಉಳಿಯಲಿಲ್ಲ. ಅವರ ಹೆಸರು ನಮಗೆ ನೆನಪಿದೆ. ಅದೇ ಹಿಮದಡಿ ಹೋದ ಹಾಸನ ಜಿಲ್ಲೆಯ ನಾಗೇಶ, ಮೈಸೂರು ಜಿಲ್ಲೆಯ ಮಹೇಶ? ಅಂದು ಕಣ್ಣೀರಿಟ್ಟವರ ದುಃಖ ಸುಳ್ಳಲ್ಲ. ಅದಕ್ಕೆ ನಿಲ್ಲಲು ನೆಲ ಇರಲಿಲ್ಲ, ಅಷ್ಟೆ. ಟಿ.ವಿ. ಬೇರೆ ಸುದ್ದಿಗೆ ಹೊರಳಿತು, ನಾವೂ ಹೊರಳಿದೆವು.

ಇನ್ನೊಂದು ಬಗೆಯ ನೆನಪನ್ನು ನಮ್ಮ ಹಳ್ಳಿಗಳಲ್ಲಿ ನೋಡಬಹುದು. ಊರ ಬಾಗಿಲಲ್ಲೋ ಕೆರೆ ಏರಿಯ ಮೇಲೋ ಅರ್ಧ ಹೂತ ವೀರಗಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಅವನು, ಪಕ್ಕದಲ್ಲಿ ಸೂರ್ಯ ಚಂದ್ರ. ಎಣ್ಣೆ, ಅರಿಶಿನ, ಕುಂಕುಮ ಮೆತ್ತಿ ಮುಖ ಅಳಿಸಿಹೋಗಿದೆ. ಅಕ್ಷರ ಸವೆದಿದೆ. ಇವನು ಯಾರಮ್ಮಾ ಎಂದು ಪೂಜೆಗೆ ಬಂದ ಹೆಂಗಸನ್ನು ಕೇಳಿದರೆ ‘ನಮ್ಮ ವೀರಪ್ಪ’ ಎನ್ನುತ್ತಾಳೆ, ಹೆಚ್ಚು ಗೊತ್ತಿಲ್ಲ. ಆದರೆ ಹಬ್ಬದ ದಿನ ಹಣ್ಣು ಕಾಯಿ ತಪ್ಪುವುದಿಲ್ಲ. ಅಲ್ಲಿ ಹೆಸರು ಹೋಗಿದೆ, ನಡವಳಿಕೆ ಉಳಿದಿದೆ. ಪಟ್ಟಣದ ಸ್ಮಾರಕದಲ್ಲಿ ಹೆಸರು ಸ್ಪಷ್ಟವಾಗಿದೆ, ಓದುವವರಿಲ್ಲ. ಎರಡರಲ್ಲಿ ನಿಜವಾದ ನೆನಪು ಯಾವುದು ಎಂದು ಬಹಳ ಕಾಲ ಯೋಚಿಸಿದ್ದೇನೆ. ಇತಿಹಾಸ ಬಲ್ಲವರು ಒಪ್ಪಲಿಕ್ಕಿಲ್ಲ, ಆದರೂ ನನ್ನ ಒಲವು ಹಳ್ಳಿಯ ಆ ಹೆಂಗಸಿನ ಕಡೆಗೇ. ಹೆಸರನ್ನು ಹುಡುಕಿ ತರಬಹುದು. ನಿಂತುಹೋದ ನಡವಳಿಕೆಯನ್ನು ಮತ್ತೆ ತರುವುದು ಕಷ್ಟ.

2019ರಲ್ಲಿ ದೆಹಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 25,000ಕ್ಕೂ ಹೆಚ್ಚು ಹೆಸರುಗಳಿವೆ. ಅಲ್ಲಿ ಸಂಜೆಯ ಹೊತ್ತು ಮಡಿದವರ ಮನೆಯವರನ್ನು ಕರೆಸಿ ಅವರ ಕೈಯಿಂದ ಪುಷ್ಪಚಕ್ರ ಇಡಿಸುವ ಪದ್ಧತಿಯಿದೆ. ಎಲ್ಲ ಭಾಷಣಗಳಿಗಿಂತ ಇದು ಮೇಲು. ಯಾಕೆಂದರೆ ಆ ಸಂಜೆ ‘ಹುತಾತ್ಮರು’ ಎಂಬ ಒಟ್ಟು ಮಾತಿಲ್ಲ, ಒಬ್ಬನಿದ್ದಾನೆ, ಅವನ ಮನೆಯವರಿದ್ದಾರೆ.

ಜನ ಕೃತಘ್ನರಾಗಿದ್ದಾರೆ ಎಂದು ನಾನು ನಂಬುವುದಿಲ್ಲ. ಸೈನಿಕನ ಪೆಟ್ಟಿಗೆ ಊರಿಗೆ ಬಂದ ದಿನ ಅಂಗಡಿ ಮುಂಗಟ್ಟು ಮುಚ್ಚಿ ಬೀದಿಗಿಳಿಯುವ ಜನ ಇವರೇ. ನಮ್ಮಲ್ಲಿ ಇಲ್ಲದ್ದು ಮಾರನೆಯ ವರ್ಷದ ಏರ್ಪಾಡು. ಸತ್ತ ದಿನ ಮನೆ ಮುಂದೆ ನಿಂತು ಘೋಷಿಸಿದ ನಿವೇಶನಕ್ಕಾಗಿ ಅವನ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗಿ ಬಂದರೆ, ಗದ್ದೆ ಉಂಡು ಪೂಜೆ ಬಿಟ್ಟ ಗೊರವನ ಪಾಪ ನಮ್ಮದೇ.

ನಿಮ್ಮ ಊರಿನಲ್ಲಿ, ಇಲ್ಲವೇ ಪಕ್ಕದ ಊರಿನಲ್ಲಿ, ಅಂಥ ಒಂದು ಮನೆ ಇದ್ದೇ ಇರುತ್ತದೆ. ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೂ ಆಗಸ್ಟ್ 15ಕ್ಕೂ ಕಾಯಬೇಡಿ. ಹೋಗಿ, ಕುಳಿತುಕೊಳ್ಳಿ, ಅವನು ಹೇಗೆ ಸತ್ತ ಎಂದಲ್ಲ, ಹೇಗಿದ್ದ ಎಂದು ಕೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುಂದಿನ ವರ್ಷವೂ ಹೋಗಿ.