ಬಿರುಗಾಳಿಯ ಮುನ್ಸೂಚನೆಯೂ ಶರಣನ ಶಿವನಿಷ್ಠೆಯೂ

ಸಕಲವೂ ಶಿವನಿಚ್ಛೆಯಿಂದಲೇ ನಡೆಯುವುದೆಂದು ನಂಬಿದ ಭಕ್ತನು, ಬರಲಿರುವ ವಿಪತ್ತಿಗೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳುವುದು ಆ ನಂಬಿಕೆಗೆ ಕುಂದಲ್ಲವೇ? ಈ ಪ್ರಶ್ನೆಯು ಹಳೆಯದು. ಮೇಲ್ನೋಟಕ್ಕೆ ಭಕ್ತಿಯ ಮಾತಿನಂತೆಯೇ ಕೇಳಿಸುವುದು. ಆದರೆ ಇದರೊಳಗೆ ಭಕ್ತಿಯ ಅಂಶವೆಷ್ಟು, ಆಲಸ್ಯದ ಅಂಶವೆಷ್ಟು ಎಂಬುದನ್ನು ಒರೆಗೆ ಹಚ್ಚಿ ನೋಡುವುದು ಸದ್ಗೃಹಸ್ಥರಿಗೆ ಅವಶ್ಯವಾಗಿದೆ. ಅದಕ್ಕೆ ಒರೆಗಲ್ಲಾಗಿ ನಾನು ಒಡಿಶಾದ ಕಡಲತೀರವನ್ನು ಆರಿಸಿಕೊಂಡಿದ್ದೇನೆ. ಕಾರಣವೂ ಉಂಟು.

1999ನೆಯ ಇಸವಿ ಅಕ್ಟೋಬರ್ 29ರಂದು ಆ ನಾಡಿನ ಪಾರಾದೀಪದ ಸಮೀಪದಲ್ಲಿ ಮಹಾ ಚಂಡಮಾರುತವೊಂದು ದಡವನ್ನು ಅಪ್ಪಳಿಸಿತು. ಗಾಳಿಯ ವೇಗವು ಗಂಟೆಗೆ 250 ಕಿಲೋಮೀಟರುಗಳನ್ನು ಮೀರಿತ್ತು. ಗಾಳಿಗಿಂತಲೂ ಘೋರವಾದುದು ಅದರೊಡನೆ ಉಕ್ಕಿ ಬಂದ ಕಡಲು. ಜಗತ್‌ಸಿಂಗ್‌ಪುರ ಜಿಲ್ಲೆಯ ಎರಸಮಾ ಪ್ರದೇಶದ ಹಳ್ಳಿಗಳು ನೀರಿನಡಿಯಾದವು. ಒಟ್ಟು ಸುಮಾರು 10,000 ಮಂದಿ ಮಡಿದರು. ಆಗ ನಾನು ಉಪಾಧ್ಯಾಯ ವೃತ್ತಿಗೆ ಹೊಸಬನು. ಮರುವಾರ ತರಗತಿಯಲ್ಲಿ ಆ ವಾರ್ತೆಯನ್ನು ಓದಿ ಹೇಳಿ, “ಇದೆಲ್ಲ ಶಿವಲೀಲೆ, ನಮ್ಮ ಕೈಯೊಳಗೆ ಏನಿದೆ?” ಎಂದು ಮುಗಿಸಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, “ಗಾಳಿ ಬರುತ್ತದೆಂದು ಅವರಿಗೆ ಯಾರೂ ಹೇಳಲಿಲ್ಲವೇ, ಗುರುಗಳೇ?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. “ಕುಳಿತುಕೋ” ಎಂದೆನು. ಆ ಬಾಲಕನಿಗೆ ಕೊಡಬೇಕಾದ ಉತ್ತರದ ಸಾಲವು ಇಂದಿಗೂ ನನ್ನ ಮೇಲಿದೆ.

ಹೇಳಿದ್ದರು ಎಂಬುದೇ ಆ ಉತ್ತರ. ಹವಾಮಾನ ಇಲಾಖೆಯು ಎಚ್ಚರಿಕೆಯನ್ನು ಕೊಟ್ಟಿತ್ತು. ಆದರೆ ಕಚೇರಿಯಲ್ಲಿ ಹುಟ್ಟಿದ ಮಾತು ಕಡಲಂಚಿನ ಗುಡಿಸಲನ್ನು ಮುಟ್ಟಬೇಕಷ್ಟೆ? ಮುಟ್ಟಿದ ಮಾತನ್ನು ಕೇಳಿದವನು ನಂಬಬೇಕಷ್ಟೆ? ನಂಬಿದವನಿಗೆ ಓಡಿಹೋಗಿ ನಿಲ್ಲಲು ಗಟ್ಟಿಯಾದ ಒಂದು ಸೂರಾದರೂ ಇರಬೇಕಷ್ಟೆ? ಮಣ್ಣಿನ ಗೋಡೆ, ಹುಲ್ಲಿನ ಮಾಡುಗಳ ಆ ಊರುಗಳಲ್ಲಿ ಅಂಥ ಕಟ್ಟಡಗಳು ಬಹು ವಿರಳವಾಗಿದ್ದವು. ಗಾಳಿಯು ಶಿವನದೆನ್ನೋಣ. ಮಾತಿಗೂ ಕಿವಿಗೂ ನಡುವೆ, ಕಿವಿಗೂ ಕಾಲಿಗೂ ನಡುವೆ ಮುರಿದುಬಿದ್ದಿದ್ದ ಹಾದಿಯು ಮಾತ್ರ ಮನುಷ್ಯರದು. ಅದನ್ನೂ ಶಿವನ ತಲೆಗೆ ಕಟ್ಟುವುದು ಭಕ್ತಿಯಲ್ಲ, ಅಪಚಾರ.

ಆ ಹಾದಿಯನ್ನು ಮನುಷ್ಯರೇ ಕಟ್ಟಬಲ್ಲರೆಂಬುದಕ್ಕೂ ಅದೇ ಕಡಲತೀರವು ಸಾಕ್ಷಿಯಾಗಿದೆ. ಆ ದುರಂತದ ಬೆನ್ನಿಗೇ ಒಡಿಶಾ ಸರ್ಕಾರವು ವಿಪತ್ತು ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಿತು. ಕಾಲಕ್ರಮದಲ್ಲಿ ತೀರದುದ್ದಕ್ಕೂ 800ಕ್ಕೂ ಮಿಗಿಲಾದ ಆಶ್ರಯತಾಣಗಳು ಎದ್ದವು. ಅವನ್ನು ಎತ್ತರದ ಕಂಬಗಳ ಮೇಲೆ ಕಟ್ಟಿದ್ದಾರೆ. ಉಕ್ಕಿದ ಕಡಲು ಕೆಳಗಿನಿಂದ ಹರಿದುಹೋಗುವುದು. ಎಷ್ಟೋ ಕಡೆ ಸಾಮಾನ್ಯ ದಿನಗಳಲ್ಲಿ ಅಲ್ಲಿಯೇ ಮಕ್ಕಳಿಗೆ ಪಾಠ ನಡೆಯುವುದು. ಊರವರದೇ ಸಮಿತಿಗಳು ಅವುಗಳನ್ನು ನೋಡಿಕೊಳ್ಳುತ್ತವೆ. ತರುಣ ತರುಣಿಯರು ಪ್ರಥಮೋಪಚಾರವನ್ನೂ ರಕ್ಷಣಾಕಾರ್ಯವನ್ನೂ ಕಲಿಯುತ್ತಾರೆ. 2018ರಲ್ಲಿ ಆರು ಜಿಲ್ಲೆಗಳ ತೀರದಲ್ಲಿ 122 ಸೈರನ್ ಗೋಪುರಗಳು ಕಾರ್ಯಾರಂಭ ಮಾಡಿದವು. ಹವಾಮಾನ ಇಲಾಖೆಯ ಎಚ್ಚರಿಕೆಯೂ ಮೆಟ್ಟಿಲು ಮೆಟ್ಟಿಲಾಗಿ ಬರುವುದು: 72 ಗಂಟೆ ಮೊದಲು ಒಂದು, 48 ಗಂಟೆ ಮೊದಲು ಇನ್ನೊಂದು, 24 ಗಂಟೆ ಮೊದಲು ಮತ್ತೊಂದು, ಗಾಳಿಯು ದಡ ಸೇರಿದ ಬಳಿಕ ಒಳನಾಡಿನಲ್ಲಿ ಏನಾಗಬಹುದೆಂಬುದನ್ನು 12 ಗಂಟೆ ಮೊದಲೇ ತಿಳಿಸುವುದು ಕಡೆಯದು. ಅಕ್ಟೋಬರ್ 29ನ್ನು ಆ ರಾಜ್ಯವು ವಿಪತ್ತು ಸನ್ನದ್ಧತೆಯ ದಿನವಾಗಿ ಆಚರಿಸುತ್ತಿದೆ.

ಫಲವನ್ನು ನೋಡಿರಿ. 2013ರ ಅಕ್ಟೋಬರ್ 12ರಂದು ಗೋಪಾಲಪುರದ ಬಳಿ ಫೈಲಿನ್ ಎಂಬ ಚಂಡಮಾರುತವು ಬಂದಾಗ ಸುಮಾರು 10 ಲಕ್ಷ ಜನರನ್ನು ಮುಂಚೆಯೇ ಸ್ಥಳಾಂತರಿಸಿದ್ದರು. 2019ರ ಮೇ 3ರಂದು ಪುರಿಯ ಸಮೀಪ ಫನಿ ಚಂಡಮಾರುತವು ಅಪ್ಪಳಿಸುವ ಮೊದಲು ಸುಮಾರು 12 ಲಕ್ಷ ಜನರು ಮನೆ ಬಿಟ್ಟು ಆಶ್ರಯ ಸೇರಿದ್ದರು. ಗಾಳಿಯೇನೂ ಕರುಣೆ ತೋರಲಿಲ್ಲ. ಮನೆಗಳು ಉರುಳಿದವು, ತೋಪುಗಳು ನೆಲಸಮವಾದವು. ಒಡಿಶಾದಲ್ಲಿ 64 ಮಂದಿ ತೀರಿಕೊಂಡರು. ಒಂದು ಜೀವವೂ ಅಲ್ಪವಲ್ಲ. ಆದರೂ ಹತ್ತು ಸಾವಿರವೆಲ್ಲಿ, ಅರುವತ್ತನಾಲ್ಕೆಲ್ಲಿ!

ಇನ್ನು ನಮ್ಮ ಪ್ರಶ್ನೆಗೆ ಬರೋಣ. ಬಂದುದನ್ನೆಲ್ಲ ಪ್ರಸಾದವೆಂದು ಸ್ವೀಕರಿಸಬೇಕೆಂಬುದು ಶರಣಮಾರ್ಗ, ನಿಜ. ಆದರೆ ಗಾಳಿಯೊಂದೇ ಪ್ರಸಾದವೋ? ಗಾಳಿಯ ಬರವನ್ನು ಮೂರು ದಿನ ಮೊದಲೇ ಅರಿಯುವ ಬುದ್ಧಿಯೂ, ಅದನ್ನು ಕೇಳುವ ಕಿವಿಯೂ, ಎದ್ದು ನಡೆಯುವ ಕಾಲೂ ಅವನ ಪ್ರಸಾದವೇ ಅಲ್ಲವೇ? ಒಂದನ್ನು ಕೊಂಡು ಉಳಿದುವನ್ನು ಚೆಲ್ಲುವವನು ಪ್ರಸಾದಿಯೆನಿಸಲಾರನು. ಬಸವಣ್ಣನವರು ಭಕ್ತನ ಕಾಯವನ್ನೇ ದೇಗುಲವಾಗಿ ಕಂಡರು. ಆ ದೇಗುಲವನ್ನು ತಿಳಿದೂ ತಿಳಿದೂ ಕಡಲ ಪಾಲು ಮಾಡುವುದು ಎಂಥ ಪೂಜೆ? ಶರಣಾಗತಿಯು ಕರ್ತವ್ಯವು ಮುಗಿದ ಮೇಲೆ ಬರತಕ್ಕದ್ದು. ಕರ್ತವ್ಯಕ್ಕೆ ಬದಲಾಗಿ ಬರತಕ್ಕದ್ದಲ್ಲ.

ಇದಕ್ಕಿಂತಲೂ ಕಠಿಣವಾದ ಎರಡು ತೊಡಕುಗಳಿವೆ. ಎಚ್ಚರಿಕೆಯು ಒಮ್ಮೊಮ್ಮೆ ಹುಸಿಯಾಗುವುದು. ಗಾಳಿಯು ದಿಕ್ಕು ಬದಲಿಸುವುದು, ಇಲ್ಲವೆ ಕಡಲಲ್ಲಿಯೇ ಸೊರಗುವುದು. ಮನೆಮಂದಿಯನ್ನು ಕಟ್ಟಿಕೊಂಡು ಹೋಗಿ ಇರುಳೆಲ್ಲ ನಿದ್ದೆಗೆಟ್ಟು ಮರಳಿ ಬಂದವನು, ಹುಲ್ಲುಕಡ್ಡಿಯೂ ಅಲುಗದಿದ್ದ ಮನೆಯನ್ನು ಕಂಡು, “ಇನ್ನೊಮ್ಮೆ ನಾನು ಏಳಲಾರೆ” ಎನ್ನುವನು. ಅವನ ಬೇಸರವನ್ನು ಹಳಿಯಲಾಗದು; ಒಂದು ದಿನದ ಕೂಲಿಯು ಬಡವನಿಗೆ ದೊಡ್ಡದು. ಆದರೆ ಕಳ್ಳನು ಬಾರದ ರಾತ್ರಿಯ ಕಾವಲು ವ್ಯರ್ಥವೆಂದು ಯಾವ ರೈತನೂ ತನ್ನ ಕಣವನ್ನು ಕಾಯದೆ ಬಿಡುವುದಿಲ್ಲ.

ಎರಡನೆಯದು ಮನೆಯ ಮೋಹ. ಅಟ್ಟದ ಕಾಳು, ಕೊಟ್ಟಿಗೆಯ ದನ, ಹಿರಿಯರು ಬಾಳಿದ ಹೊಸ್ತಿಲು ಕಾಲನ್ನು ಹಿಡಿದು ನಿಲ್ಲಿಸುವುವು. ಇಲ್ಲಿಯೇ ಶರಣರ ಸ್ಥಾವರ ಜಂಗಮಗಳ ವಿವೇಕವು ಕೆಲಸಕ್ಕೆ ಬರುವುದು. ಮನೆಯು ಸ್ಥಾವರ, ಜೀವವು ಜಂಗಮ. ದನದ ಕಣ್ಣಿಯನ್ನು ಬಿಚ್ಚಿಬಿಡುವುದು ದಯೆ. ಅದರೊಡನೆ ತಾನೂ ಗೂಟಕ್ಕೆ ಕಟ್ಟಿಕೊಂಡು ನಿಲ್ಲುವುದು ಮರುಳು. ಲಿಂಗವಂತನಿಗಂತೂ ಇದು ಸುಲಭವಾಗಬೇಕು. ಅವನು ಎಲ್ಲಿಗೆ ನಡೆದರೂ ಅವನ ದೈವವು ಎದೆಯ ಮೇಲೆಯೇ ಇರುವುದು. ಬಿಟ್ಟುಬಂದೆನೆಂದು ಅಳಬೇಕಾದ ದೇವರು ಅವನಿಗಿಲ್ಲ.

ತಾನೊಬ್ಬನು ಎದ್ದು ನಡೆದರೆ ಸಾಲದು. ಕಣ್ಣು ಕಾಣದ ಮುದುಕಿಯಾರು, ದಿನ ತುಂಬಿದ ಬಸುರಿಯಾರು, ಹಾಸಿಗೆ ಹಿಡಿದವರಾರು ಎಂಬುದನ್ನು ಗಾಳಿಯಿಲ್ಲದ ದಿನದಲ್ಲಿಯೇ ತಿಳಿದಿಟ್ಟುಕೊಂಡು, ಅವರನ್ನು ಮೊದಲು ಕರೆದೊಯ್ಯಬೇಕು. ಸಮುದಾಯದ ರಕ್ಷಣೆಯನ್ನು ತನ್ನ ಹೊಣೆಯೆಂದು ತಿಳಿಯುವುದೇ ಗಣಾಚಾರದ ತಿರುಳು. ಆಶ್ರಯತಾಣದ ಒಂದೇ ಒಲೆಯ ಅನ್ನವನ್ನು ಭೇದವೆಣಿಸದೆ ಬಡಿಸುವುದು ದಾಸೋಹ. ಇವಕ್ಕೆ ಬೇರೆ ಹೆಸರು ಬೇಕಿಲ್ಲ.

ಈ ಪತ್ರಿಕೆಯನ್ನು ಓದುವವರಲ್ಲಿ ಹಲವರು ಕಡಲನ್ನು ಕಂಡವರಲ್ಲ. ಆದರೆ 2019ರ ಆಗಸ್ಟಿನಲ್ಲಿ ಕೃಷ್ಣೆ, ಮಲಪ್ರಭೆಗಳು ಉಕ್ಕಿದುದನ್ನು ಬೆಳಗಾವಿ, ಬಾಗಲಕೋಟೆಗಳ ಕಡೆಯವರು ಮರೆತಿಲ್ಲ. ಹೊಳೆಯ ದಂಡೆಯಲ್ಲಿ ಡಂಗುರ ಕೇಳಿದಾಗಲೂ ಪ್ರಶ್ನೆಯು ಇದೇ. ಆ ಹೊತ್ತಿಗೆ “ಶಿವನಿದ್ದಾನೆ” ಎಂದು ಹೇಳಿ ಎದ್ದು ನಡೆಯಿರಿ. “ಶಿವನಿದ್ದಾನೆ” ಎಂದು ಹೇಳಿ ಕುಳಿತುಬಿಡಬೇಡಿರಿ. ಹಿಂದಿನ ಸಾಲಿನ ಆ ಹುಡುಗನಿಗೆ, ತಡವಾಗಿಯಾದರೂ, ನಾನು ಕೊಡುವ ಉತ್ತರವು ಇಷ್ಟೆ.