ಬಹುಮಾನ ಯಾರದು?

ಚಿಮ್ಮಡ, ಮುಧೋಳ, ಜಮಖಂಡಿಯ ಸೀಮೆಯಲ್ಲಿ ಹಂಗಾಮು ಬಂತೆಂದರೆ ಕಬ್ಬು ಕಡಿಯುವ ಗ್ಯಾಂಗುಗಳದೇ ಓಡಾಟ. ಕಡಿಯುವವರು ಹತ್ತಾರು ಮಂದಿ, ಮುಕಾದಮ ಒಬ್ಬ. ಅವನಿಗೆ ಹೊಣೆ ಹೆಚ್ಚು, ಕಮಿಷನ್ನೂ ಉಂಟು. ಅದು ನ್ಯಾಯವೇ. ಆದರೆ ಕೆಲಸ ಮುಗಿದ ದಿನ ಹೊಲದ ಧಣಿ ಸಂತೋಷದಿಂದ ಮೇಲೆ ಒಂದಿಷ್ಟು ಕೊಟ್ಟರೆ, ಅದರಲ್ಲೂ ಮುಕಾದಮನಿಗೇ ದೊಡ್ಡ ಪಾಲು ಸಲ್ಲಬೇಕೆ?

ಇಂಥದೇ ಪ್ರಶ್ನೆ ನಮ್ಮ ನಾಡಿನ ಕ್ರಿಕೆಟಿಗ ರಾಹುಲ್ ದ್ರಾವಿಡ್ ಅವರಿಗೆ ಎರಡು ಸಲ ಎದುರಾಯಿತು. 1996ರಲ್ಲಿ ಲಾರ್ಡ್ಸ್ ಮೈದಾನದಲ್ಲಿ 95 ರನ್ನುಗಳೊಂದಿಗೆ ಟೆಸ್ಟ್ ಜೀವನ ಆರಂಭಿಸಿದ ಅವರು 2012ರಲ್ಲಿ ನಿವೃತ್ತರಾದಾಗ 164 ಟೆಸ್ಟುಗಳಲ್ಲಿ 13,288 ರನ್ ಗಳಿಸಿದ್ದರು. ಆದರೆ ಆಟಗಾರನಾಗಿ ವಿಶ್ವಕಪ್ ಕೈಗೆ ಸಿಗಲೇ ಇಲ್ಲ. 2007ರಲ್ಲಿ ವೆಸ್ಟ್ ಇಂಡೀಸಿನಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿದ್ದಿತ್ತು.

ನಿವೃತ್ತಿಯ ಬಳಿಕ ಅವರು ತರಬೇತುದಾರರಾದರು. 2018ರಲ್ಲಿ ಅವರ ಕಿರಿಯರ ತಂಡ ವಿಶ್ವಕಪ್ ಗೆದ್ದಿತು. ಮಂಡಳಿ ಅವರಿಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಅವರು ಒಪ್ಪಲಿಲ್ಲ, ಕೊನೆಗೆ ಎಲ್ಲರಿಗೂ 25 ಲಕ್ಷವಾಯಿತು. 2024ರಲ್ಲಿ ಅದೇ ವೆಸ್ಟ್ ಇಂಡೀಸಿನಲ್ಲಿ ಹಿರಿಯರ ತಂಡ ಟಿ-20 ವಿಶ್ವಕಪ್ ಗೆದ್ದಾಗ ಅವರ ಪಾಲಿಗೆ 5 ಕೋಟಿ ಬರುವುದಿತ್ತು. ಜೊತೆಯ ತರಬೇತುದಾರರಷ್ಟೇ, ಅಂದರೆ ಎರಡೂವರೆ ಕೋಟಿ ಸಾಕೆಂದರು ಎಂದು ಪತ್ರಿಕೆಗಳು ಬರೆದವು.

"ಹೆಚ್ಚು ಹೊಣೆ ಹೊತ್ತವನಿಗೆ ಹೆಚ್ಚು ಸಿಗುವುದು ತಪ್ಪೇ?" ಎಂದು ನೀವು ಕೇಳಬಹುದು. ತಪ್ಪಲ್ಲ. ಅದಕ್ಕೆಂದೇ ಸಂಬಳವಿದೆ. ಸಂಬಳ ಹೊಣೆಗೆ ಕೊಡುವ ಬೆಲೆ. ಬಹುಮಾನ ಗೆಲುವಿನ ಸಂತೋಷ. ಹೊಣೆಯನ್ನು ಅಳೆಯಬಹುದು. ಆದರೆ ನೆಟ್ಟಿನಲ್ಲಿ ದಿನವಿಡೀ ಚೆಂಡೆಸೆದವನ ಪಾಲು ಗೆಲುವಿನಲ್ಲಿ ಎಷ್ಟೆಂದು ಯಾವ ತಕ್ಕಡಿಯಲ್ಲಿ ತೂಗುವುದು? ತೂಗಲಾಗದ್ದನ್ನು ಸಮನಾಗಿ ಹಂಚುವುದೇ ಪ್ರಾಮಾಣಿಕ ಲೆಕ್ಕ.

ಕೋಟಿ ಇದ್ದವರಿಗೆ ಬಿಟ್ಟುಕೊಡುವುದು ಸುಲಭ ಎನ್ನುವುದೂ ನಿಜವೇ. ಆದರೆ ಬಿಟ್ಟುಕೊಡಬೇಕಾದದ್ದು ಹಣವೊಂದೇ ಅಲ್ಲ, "ನನ್ನಿಂದಲೇ ಆಯಿತು" ಎಂಬ ಮಾತನ್ನೂ. ಅದು ಬಡವನಿಗೂ ಕಷ್ಟ, ಸಿರಿವಂತನಿಗೂ ಕಷ್ಟ.

ನಮ್ಮ ಮನೆಗಳನ್ನೇ ನೋಡೋಣ. ಬೆಳೆ ಚೆನ್ನಾಗಿ ಬಂದರೆ ಯಜಮಾನ ಮೀಸೆ ತಿರುವುತ್ತಾನೆ. ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟಿದವಳ ಹೆಸರು ಆ ಲೆಕ್ಕದಲ್ಲಿ ಇರುತ್ತದೆಯೇ? ಇಂದು ಊಟಕ್ಕೆ ಕುಳಿತಾಗ ಕೇಳಿಕೊಳ್ಳೋಣ.